ಉಮ್ಮ ಹತ್ತುವ ಗಾಡಿ, ನಾವು ನೋಡುವ ಗಾಡಿ

ಅಸರ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುವಾಗ ಲಕ್ಷ್ಮೇಶ್ವರದ ನಮ್ಮ ಗೆಳೆಯರೊಬ್ಬರು ತಡೆದು ನಿಲ್ಲಿಸಿದರು. ಮೂಲ ಊರು ಪುತ್ತೂರು ಕಡೆ. ಇಲ್ಲಿ ಬೇಕರಿ ಹಾಕಿ ಹತ್ತು ಹನ್ನೆರಡು ವರ್ಷ ಆಯಿತು. "ಉಸ್ತಾದ್, ಒಂದು ಮಶ್ವರ ಬೇಕಿತ್ತು" ಅಂದರು. ನಿಕಾಹ್ ಮಾತುಕತೆಯೋ, ಪಾಲುದಾರಿಕೆಯ ಜಗಳವೋ ಎಂದುಕೊಂಡೆವು. ಅಲ್ಲ, ಕಾರಿನ ವಿಷಯ. ಬಲೆನೊ ತೆಗೆದುಕೊಳ್ಳಬೇಕೋ, ಜಿಮ್ನಿ ತೆಗೆದುಕೊಳ್ಳಬೇಕೋ?

ಮೊದಲು ನಗು ಬಂತು. ಮದ್ರಸದಲ್ಲಿ ಪಾಠ ಹೇಳುವವರಿಗೂ ಕಾರಿಗೂ ಏನು ಸಂಬಂಧ! ಆದರೆ ಕೂತು ಮಾತಾಡಿದಾಗ ಗೊತ್ತಾಯಿತು, ಕಾರಿನ ಹೆಸರಿನಲ್ಲಿ ಅವರು ಕೇಳುತ್ತಿದ್ದದ್ದು ಬೇರೆಯೇ. ಕೈಯಲ್ಲಿ ಹತ್ತೂವರೆ ಲಕ್ಷ ಉಳಿತಾಯ ಇದೆ. ಒಂದು ಗಾಡಿ ಅದರೊಳಗೆ ಬರುತ್ತದೆ. ಇನ್ನೊಂದಕ್ಕೆ ಬ್ಯಾಂಕ್ ಸಾಲ ಬೇಕು, ಸಾಲ ಎಂದರೆ ಬಡ್ಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇವತ್ತು ನಡೆಯುತ್ತಿರುವ ಮಾತೇ ಇದು. ಅದಕ್ಕೇ ಈ ವಾರ ಬರೆಯುತ್ತಿದ್ದೇವೆ.

ಸವಾರಿ ಮೊದಲು, ಶೋಭೆ ಆಮೇಲೆ

ಒಳ್ಳೆಯ ಗಾಡಿ ಬೇಕು ಅನ್ನುವುದು ತಪ್ಪಲ್ಲ. ಒಳ್ಳೆಯ ನೆರೆಯವ, ವಿಶಾಲವಾದ ಮನೆ, ಹಿತವಾದ ವಾಹನ ಇವು ಮನುಷ್ಯನ ಸೌಭಾಗ್ಯದಲ್ಲಿ ಸೇರಿವೆ ಎಂಬ ಅರ್ಥದ ಹದೀಸ್ ಇದೆ. ಸೂರತುನ್ನಹ್ಲ್‌ನಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳ ಪ್ರಸ್ತಾಪ ಬರುವಲ್ಲಿ ಅವು ಸವಾರಿಗೆ, ಜೊತೆಗೆ ಶೋಭೆಗೆ ಎಂದಿದೆ. ಶೋಭೆಯನ್ನು ಅಲ್ಲಾಹು ನಿಷೇಧಿಸಿಲ್ಲ. ಆದರೆ ಅಲ್ಲಿ ಮೊದಲು ಹೇಳಿರುವುದು ಸವಾರಿಯನ್ನು. ನಾವು ಶೋರೂಂಗೆ ಹೋದಾಗ ಈ ಕ್ರಮವನ್ನು ತಿರುಗಾಮುರುಗಾ ಮಾಡುತ್ತೇವೆ. ಮದುವೆ ಹಾಲ್ ಮುಂದೆ ಗಾಡಿ ಹೇಗೆ ಕಾಣುತ್ತದೆ ಎಂಬುದು ಮೊದಲು, ಉಮ್ಮ ಹೇಗೆ ಹತ್ತುತ್ತಾರೆ ಎಂಬುದು ಕೊನೆಗೆ.

ಕಾಗದದ ಮೇಲಿನ ಲೆಕ್ಕ

ಎರಡೂ ಗಾಡಿ ಒಂದೇ ಕಂಪನಿಯದು, ಒಂದೇ ಶೋರೂಂನಲ್ಲಿ ಸಿಗುತ್ತವೆ. ಉದ್ದವೂ ಹೆಚ್ಚುಕಡಿಮೆ ಒಂದೇ. ಬಲೆನೊ 3,990 ಮಿ.ಮೀ., ಜಿಮ್ನಿ 3,985. ಬಲೆನೊದಲ್ಲಿ ಐದು ಜನ ಕೂರಬಹುದು, ಜಿಮ್ನಿಯಲ್ಲಿ ಇರುವುದೇ ನಾಲ್ಕು ಸೀಟು. ಸಾಮಾನಿನ ಡಿಕ್ಕಿ ಬಲೆನೊದಲ್ಲಿ 318 ಲೀಟರ್, ಜಿಮ್ನಿಯಲ್ಲಿ 208. ಆದರೆ ನೆಲದಿಂದ ಎತ್ತರ ಬಲೆನೊದ್ದು 170 ಮಿ.ಮೀ. ಆದರೆ ಜಿಮ್ನಿಯದು 210. ಜಿಮ್ನಿಯಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ವ್ಯವಸ್ಥೆ ಇದೆ, ಏರು ಮತ್ತು ಕೆಸರಿಗೆ ಬೇಕಾಗುವ ಲೋ ಗೇರ್ ಬೇರೆ ಇದೆ. ಬಲೆನೊಗೆ ಅದಿಲ್ಲ.

ಬೆಲೆ ಯಾಕೆ ಇಷ್ಟು ಬೇರೆ? 2023ರ ಜೂನ್‌ನಲ್ಲಿ ಐದು ಬಾಗಿಲಿನ ಜಿಮ್ನಿ ಬಂದಾಗ ಶೋರೂಂ ಬೆಲೆ ಶುರುವಾದದ್ದೇ 12.74 ಲಕ್ಷದಿಂದ. ಬಲೆನೊ ಹತ್ತು ಲಕ್ಷದ ಒಳಗೇ ಸಿಗುತ್ತದೆ. ಇದರಲ್ಲಿ ತೆರಿಗೆಯ ಪಾಲೂ ಇದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಮೀರದ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18. ಎರಡರಲ್ಲಿ ಒಂದು ಮೀರಿದರೂ ಶೇ. 40. ಬಲೆನೊ ಎಂಜಿನ್ 1,197 ಸಿಸಿ. ಜಿಮ್ನಿ ಉದ್ದದಲ್ಲಿ ಪಾಸ್, ಆದರೆ ಎಂಜಿನ್ 1,462 ಸಿಸಿ, ಹಾಗಾಗಿ ದೊಡ್ಡ ಕಾರುಗಳ ಸಾಲಿಗೆ ಹೋಯಿತು.

ಅಷ್ಟಕ್ಕೇ ಮುಗಿಯುವುದಿಲ್ಲ. ಕರ್ನಾಟಕದ ಆಜೀವ ತೆರಿಗೆ ಐದರಿಂದ ಹತ್ತು ಲಕ್ಷದ ಗಾಡಿಗೆ ಶೇ. 14, ಹತ್ತರಿಂದ ಇಪ್ಪತ್ತು ಲಕ್ಷದ್ದಕ್ಕೆ ಶೇ. 17. ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಒಂಬತ್ತು ಲಕ್ಷದ ಗಾಡಿಗೆ ಸುಮಾರು 1.40 ಲಕ್ಷ, ಹದಿಮೂರು ಲಕ್ಷದ ಗಾಡಿಗೆ ಸುಮಾರು 2.45 ಲಕ್ಷ. ಗೆಳೆಯರು ಲೆಕ್ಕ ಹಾಕಿದ್ದು ಬರೀ ಶೋರೂಂ ಬೆಲೆ. ಇದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇನ್ನು ಊರಿನ ದಾರಿ. ಗದಗದಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಾಟಿ ಇಳಿದು ಅಂಕೋಲ, ಅಲ್ಲಿಂದ ಮಂಗಳೂರು. ನಾನೂರು ಕಿಲೋಮೀಟರ್‌ಗೂ ಮೇಲೆ. ಕಂಪನಿ ಹೇಳುವ ಮೈಲೇಜ್ ಬಲೆನೊ ಮ್ಯಾನುವಲ್‌ಗೆ 22.35, ಜಿಮ್ನಿಗೆ 16.94. ಹೋಗಿ ಬರುವುದರಲ್ಲಿ ಹನ್ನೆರಡು ಲೀಟರ್ ಪೆಟ್ರೋಲ್ ವ್ಯತ್ಯಾಸ. ವರ್ಷಕ್ಕೆ ಎರಡು ಪೆರ್ನಾಳ್, ಮೂರು ಮದುವೆ ಎಂದರೆ ಲೆಕ್ಕ ನೀವೇ ಮಾಡಿ.

ಎರೆ ಮಣ್ಣು ಹೇಳಿದ ಪಾಠ

"ಉಸ್ತಾದ್, ಅದೆಲ್ಲ ಸರಿ. ಶಿರಹಟ್ಟಿ, ಮುಂಡರಗಿ ಕಡೆ ಹಳ್ಳಿಗಳಿಗೆ ಬ್ರೆಡ್, ಖಾರಾ ಮಾಲು ಕೊಡಲು ಹೋಗಬೇಕಲ್ಲ. ಮಳೆಗಾಲದಲ್ಲಿ ಜೀಪಿನಂಥ ಗಾಡಿ ಬೇಡವೇ?" ಎಂದು ಕೇಳಿದರು. ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನಮಗೆ ಅನುಭವದಿಂದ ಗೊತ್ತಿತ್ತು.

ಕೆಲವು ವರ್ಷದ ಹಿಂದೆ ಮುಂಡರಗಿ ತಾಲೂಕಿನ ಒಂದು ಹಳ್ಳಿಗೆ ರೋಗಿಯೊಬ್ಬರನ್ನು ನೋಡಲು ಹೊರಟಿದ್ದೆವು. ಪರಿಚಯದವರ ಫೋರ್ ಬೈ ಫೋರ್ ಗಾಡಿ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಹೊಲದ ದಾರಿಗೆ ಇಳಿದು ನೂರು ಮೀಟರ್ ಹೋಗಿಲ್ಲ, ಎರೆ ಮಣ್ಣು ಟೈರಿನ ಗೀರುಗಳಿಗೆ ಅಂಟಿ ಚಕ್ರ ನುಣ್ಣಗೆ ಉಂಡೆಯ ಹಾಗಾಯಿತು. ನಾಲ್ಕೂ ಚಕ್ರ ತಿರುಗುತ್ತಿವೆ, ಗಾಡಿ ಮಾತ್ರ ಅಡ್ಡಡ್ಡ ಜಾರುತ್ತಿದೆ. ಹೊಲದಲ್ಲಿದ್ದ ಹಿರಿಯರೊಬ್ಬರು ಬಂದು ನೋಡಿ, "ಉಸ್ತಾದ್ರ, ಹಸಿ ಎರಿಯಾಗ ಯಾ ಗಾಡಿನೂ ನಡಿಯಾಂಗಿಲ್ರಿ. ಒಂದೊಪ್ಪತ್ತು ಬಿಸಲ ಬೀಳಬೇಕು, ಇಲ್ಲಾ ಟ್ರ್ಯಾಕ್ಟರ್ ಬರಬೇಕ್ರಿ" ಅಂದರು. ಅವರೇ ಟ್ರ್ಯಾಕ್ಟರ್ ತಂದು ಎಳೆದರು. ದುಡ್ಡು ಕೊಡಲು ಹೋದರೆ ಬೈದರು.

ಕಪ್ಪತಗುಡ್ಡದ ಬುಡದ ಕೆಂಪು ಮಸಾರಿ ಬೇರೆ. ಅಲ್ಲಿ ನೀರು ಬೇಗ ಇಂಗುತ್ತದೆ, ಕಲ್ಲು ಇರುತ್ತದೆ, ಎತ್ತರದ ಗಾಡಿ ಕೆಲಸಕ್ಕೆ ಬರುತ್ತದೆ. ಸುಳ್ಯ, ಬೆಳ್ತಂಗಡಿಯ ಗುಡ್ಡದ ಮೇಲೆ ತೋಟ ಇರುವವರಿಗೂ ಹಾಗೆಯೇ. ಅಲ್ಲಿ ಜೀಪು ಶೋಕಿಯಲ್ಲ, ಅಡಿಕೆ ಮೂಟೆ ಇಳಿಸುವ ಸಾಧನ. ಅಂಥವರು ತೆಗೆದುಕೊಂಡರೆ ದುಂದು ಅನ್ನಲಾಗದು. ನಮ್ಮ ಗೆಳೆಯರ ಗಿರಾಕಿ ಅಂಗಡಿಗಳೆಲ್ಲ ಡಾಂಬರು ರಸ್ತೆಯ ಪಕ್ಕದಲ್ಲೇ ಇವೆ. ಅಲ್ಲಿ ತೊಂದರೆ ಕೊಡುವುದು ರಸ್ತೆ ಉಬ್ಬುಗಳು. ಐದು ಜನ ಕೂತಾಗ ಬಲೆನೊ ಇನ್ನೂ ತಗ್ಗುತ್ತದೆ, ನಿಧಾನಕ್ಕೆ ಓರೆಯಾಗಿ ದಾಟಿಸಬೇಕು. ಆ ಸಮಾಧಾನ ಇಲ್ಲದವರಿಗೆ ಅದು ಒಗ್ಗದು.

ಯುವಕರಿಗೆ ಎರಡು ಮಾತು. ಥಾರ್ ಎಂದ ಕೂಡಲೇ ಫೋರ್ ಬೈ ಫೋರ್ ಅಲ್ಲ. 2023ರಿಂದ ಹಿಂಬದಿ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಥಾರ್ ಕೂಡ ಮಾರಾಟದಲ್ಲಿದೆ. ಮೇಲಿನ ರೂಪ ನೋಡಿ ಕೆಸರಿಗೆ ಇಳಿಯಬೇಡಿ. ಎರಡನೆಯದು, 650 ಮಿ.ಮೀ. ನೀರಿನಲ್ಲಿ ಹೋಗುತ್ತದೆ ಎಂದು ಕಂಪನಿ ಹೇಳಿದ್ದು ಹರಿಯುವ ಹಳ್ಳಕ್ಕೆ ಅನ್ವಯಿಸುವುದಿಲ್ಲ. ರಭಸದ ನೀರು ಅದಕ್ಕಿಂತ ಕಡಿಮೆ ಆಳದಲ್ಲೇ ಗಾಡಿಯನ್ನು ಪಕ್ಕಕ್ಕೆ ತಳ್ಳಬಲ್ಲದು. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಇಡಬೇಕು ಎಂಬುದು ನಮಗೆ ಕಲಿಸಿದ ಪಾಠ. ಹಳ್ಳ ತುಂಬಿದಾಗ ಈಚೆ ದಡದಲ್ಲೇ ನಿಲ್ಲುವುದು ಒಂಟೆ ಕಟ್ಟಿದ ಹಾಗೆ.

ಉಮ್ಮನ ತೀರ್ಪು

ಕೊನೆಗೆ ಒಂದೇ ಮಾತು ಹೇಳಿದೆವು: ಉಮ್ಮನನ್ನೂ ಕರೆದುಕೊಂಡು ಹೋಗಿ. ಹೋದರು. ಎತ್ತರದ ಗಾಡಿ ಹತ್ತಲು ಉಮ್ಮನಿಗೆ ಮಂಡಿ ನೋವು, ತಗ್ಗಿನ ಗಾಡಿಯಿಂದ ಏಳಲೂ ಮಂಡಿ ನೋವು. ಅಲ್ಲಿಗೆ ಎರಡೂ ಸಮ ಸಮ! ಆಮೇಲೆ ಉಮ್ಮ ಒಳಗೆ ಬಗ್ಗಿ ಸೀಟು ಎಣಿಸಿದರು. ಮಗ, ಸೊಸೆ, ಇಬ್ಬರು ಮಕ್ಕಳು, ತಾನು. ಜಿಮ್ನಿಯಲ್ಲಿ ನಾಲ್ಕೇ. "ಚಿಕ್ಕವಳು ಮಡಿಲಲ್ಲಿ ಕೂರಲಿ" ಅಂದರಂತೆ ಮಗ. "ಮಗು ಎಷ್ಟು ದಿನ ಮಡಿಲಲ್ಲಿ ಕೂರುತ್ತದೆ? ಆಮೇಲೆ ನನ್ನನ್ನೇ ಮನೆಯಲ್ಲಿ ಬಿಡುತ್ತೀಯಲ್ಲ" ಅಂದರಂತೆ ಉಮ್ಮ.

ಆ ಮಾತಿನ ಮುಂದೆ ನಮ್ಮ ಚೀಟಿಯ ಲೆಕ್ಕ ಏನೂ ಅಲ್ಲ. ಕಾರು ದೊಡ್ಡದಾಗಿ ಕಂಡು ಮನೆಯವರಿಗೆ ಜಾಗ ಇಲ್ಲ ಎಂದರೆ ಯಾರಿಗಾಗಿ ತೆಗೆದುಕೊಂಡ ಹಾಗಾಯಿತು?

ಗೆಳೆಯರು ಇಸ್ತಿಖಾರ ಮಾಡಿ ಬಲೆನೊ ತೆಗೆದುಕೊಂಡರು. ನಡುವಿನ ಮಾದರಿ, ಪೂರ್ತಿ ನಗದು. ಬಡ್ಡಿಯ ಕಂತು ಇಲ್ಲ, ತಿಂಗಳ ಐದನೇ ತಾರೀಖಿನ ಭಯ ಇಲ್ಲ. ಆಸೆ ಹೋಗಿದೆ ಎಂದು ನಾವು ಹೇಳುವುದಿಲ್ಲ. ಗದಗದ ಮುಳಗುಂದ ನಾಕಾದಲ್ಲಿ ಒಂದು ಥಾರ್ ಪಕ್ಕದಲ್ಲಿ ನಿಂತರೆ ಈಗಲೂ ತಿರುಗಿ ನೋಡುತ್ತಾರೆ. ನೋಡಲಿ, ನಾವೂ ನೋಡುತ್ತೇವೆ. ವಾಹನ ಹತ್ತುವಾಗ ಹೇಳುವ ದುಆ ಎರಡಕ್ಕೂ ಒಂದೇ. ಇದನ್ನು ನಮಗೆ ವಶಪಡಿಸಿಕೊಟ್ಟವನನ್ನು ನೆನೆಯುವುದು, ಕೊನೆಗೆ ಅವನ ಕಡೆಗೇ ಮರಳುವವರು ಎಂದು ಒಪ್ಪಿಕೊಳ್ಳುವುದು.

ಹೋದ ತಿಂಗಳು ಆ ಕಾರಿನಲ್ಲಿ ಶಿರಹಟ್ಟಿ ಕಡೆ ಹೋಗಿದ್ದೆವು. ಹಳ್ಳಿಯ ದಾರಿ ಹಸಿಯಾಗಿತ್ತು. ಗೆಳೆಯರು ಡಾಂಬರು ಮುಗಿಯುವಲ್ಲಿ ಕಾರು ನಿಲ್ಲಿಸಿ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದರು. ಅರ್ಧ ಕಿಲೋಮೀಟರ್ ನಡೆದೆವು. ಮನೆಯವರು ಕಾಲು ತೊಳೆಯಲು ನೀರು ಕೊಟ್ಟರು. ಯಾವ ಗಾಡಿಯಲ್ಲಿ ಬಂದಿರಿ ಎಂದು ಯಾರೂ ಕೇಳಲಿಲ್ಲ.