ಪಾಲಿಶ್‌ಗೆ ಎರಡೂವರೆ ಗಂಟೆ, ಬೇಜಾರಿಗೆ ಹನ್ನೊಂದೂವರೆ

(ಈ ವಾರದ ಸಂಚಿಕೆಯ ಬರಹ ರೂಪ)



ಕಾರ್ ಡೀಟೇಲಿಂಗ್ ರೀಲ್ಸ್ ನೀವೂ ನೋಡಿರ್ತೀರಿ. ನೊರೆ ಸುರಿಯುತ್ತೆ, ಮಷೀನ್ ತಿರುಗುತ್ತೆ, 30 ಸೆಕೆಂಡಲ್ಲಿ ಹಳೇ ಕಾರು ಕನ್ನಡಿ ಥರ ಹೊಳೆಯುತ್ತೆ. ಇವತ್ತು ಮಾತಾಡೋದು ಆ ರೀಲ್‌ನಲ್ಲಿ ಕತ್ತರಿಸಿ ಬಿಟ್ಟಿರೋ ಭಾಗದ ಬಗ್ಗೆ. ಆ ಭಾಗ ತಪ್ಪಿಸಿದ್ದಕ್ಕೇ ನಮ್ಮನೆಯ 15,000 ರೂಪಾಯಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು.

ಕಳೆದ ವರ್ಷ ಚಿಕ್ಕಪ್ಪನ ಮಗಳ ಮದುವೆಗೆ ಮುಂಚೆ ಅಪ್ಪ ತಮ್ಮ 2016ರ ಕಾರನ್ನ ಒಂದು ಅಂಗಡಿಗೆ ಸೆರಾಮಿಕ್ ಕೋಟಿಂಗ್‌ಗೆ ಕೊಟ್ರು. ಅವರು 22,000 ಹೇಳಿದ್ರು, ನಾವು ಚೌಕಾಸಿ ಮಾಡಿ 15,000ಕ್ಕೆ ಇಳಿಸಿದ್ವಿ. ಬೆಳಿಗ್ಗೆ ಬಿಟ್ಟ ಕಾರು ಸಂಜೆಗೆ ರೆಡಿ. ಮದುವೆಯಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಎರಡು ವಾರ ಆದ್ಮೇಲೆ ನಾನು ಕಾರು ತೊಳೆದು ಬಾನೆಟ್ ಮೇಲೆ ಕೈ ಸವರಿದೆ. ಉಪ್ಪುಕಾಗದದ ಹಾಗೆ ತರಿತರಿ. ರಾತ್ರಿ ಪೆಟ್ರೋಲ್ ಬಂಕ್ ಲೈಟಲ್ಲಿ ನೋಡಿದ್ರೆ, ಜೇಡರ ಬಲೆ ಥರ ಸುತ್ತು ಸುತ್ತು ಗೀರು. ತೊಳೆದು ಒರೆಸಿ, ನೇರ ಕೋಟಿಂಗ್ ಹಚ್ಚಿಬಿಟ್ಟಿದ್ರು. ಕೊಳೆನೂ ಗೀರೂ ಅದರಡಿಗೆ ಹಾಗೇ ಭದ್ರವಾಗಿ ಕೂತಿದ್ವು.

ಇದರಲ್ಲಿ ನಷ್ಟ ಏನು?

ಕಾರಿನ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಇರುತ್ತೆ. ಈ ಪದರ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದ್ರೆ ನಮ್ಮ ತಲೆಕೂದಲಿಗಿಂತ ತೆಳು. ಪಾಲಿಶ್ ಮಾಡೋದು ಅಂದ್ರೆ ಗೀರನ್ನ ತುಂಬೋದಲ್ಲ, ಗೀರಿನ ಸುತ್ತ ಇರೋ ಪದರವನ್ನ ಸ್ವಲ್ಪ ಸವೆಸಿ ಸಮ ಮಾಡೋದು. ನಾನು ಬಿಕಾಂ ಮಾಡಿದವನು, ಹಾಗಾಗಿ ನನ್ನ ಭಾಷೇಲಿ ಹೇಳ್ತೀನಿ: ಕ್ಲಿಯರ್ ಕೋಟ್ ಒಂದು ಠೇವಣಿ. ಪ್ರತಿ ಪಾಲಿಶ್‌ಗೂ ಅದರಿಂದ ದುಡ್ಡು ತೆಗೀತೀರಿ. ವಾಪಸ್ ಜಮಾ ಮಾಡೋಕೆ ಪೇಂಟ್ ಬೂತಿಗೇ ಹೋಗ್ಬೇಕು. ಆ ತಪ್ಪಾದ ಕೋಟಿಂಗ್ ತೆಗೆಯೋಕೂ ಪಾಲಿಶ್ಶೇ ಬೇಕಾಯ್ತು. ಅಂದ್ರೆ ಕೊಟ್ಟ ದುಡ್ಡೂ ಹೋಯ್ತು, ಪದರನೂ ಸವೆಯಿತು.

ಕೊನೆಗೆ ಗೆಳೆಯನ ಮಷೀನ್ ತಂದು ಎರಡು ಭಾನುವಾರ ನಾನೇ ಕೂತೆ. ಅಭ್ಯಾಸ ಬಲ, ಟೈಮ್ ಲೆಕ್ಕ ಬರೆದಿಟ್ಟೆ. ಒಟ್ಟು 14 ಗಂಟೆ. ಅದರಲ್ಲಿ ಮಷೀನ್ ತಿರುಗಿದ್ದು ಎರಡೂವರೆ ಗಂಟೆ ಮಾತ್ರ. ಉಳಿದ ಹನ್ನೊಂದೂವರೆ ಎಲ್ಲಿ ಹೋಯ್ತು, ಕೇಳಿ.

ಚಕ್ರ ಮತ್ತು ತೊಳೆಯೋದು: ಎರಡೂವರೆ ಗಂಟೆ

ಬ್ರೇಕ್ ಹಾಕಿದಾಗೆಲ್ಲ ಕಬ್ಬಿಣದ ಸಣ್ಣ ಪುಡಿ ಹಾರಿ ಚಕ್ರಕ್ಕೆ ಅಂಟ್ಕೊಳ್ಳುತ್ತೆ. ಶಾಂಪೂಗೆ ಅದು ಜಗ್ಗಲ್ಲ. ಐರನ್ ರಿಮೂವರ್ ಸ್ಪ್ರೇ ಮಾಡಿದ್ರೆ ಕಬ್ಬಿಣ ಇರೋ ಕಡೆಯೆಲ್ಲ ನೇರಳೆ ಬಣ್ಣ ಇಳಿಯುತ್ತೆ. ನೋಡೋಕೆ ಮಜಾ. ಆದ್ರೆ ವಾಸನೆ ಕೊಳೆತ ಮೊಟ್ಟೆದು, ಗ್ಲೌಸ್ ಬೇಕೇ ಬೇಕು. ಆಮೇಲೆ ಚಕ್ರದ ಸಂದಿಗಳಿಗೆ, ನಟ್ಟಿನ ಗುಳಿಗಳಿಗೆ ಒಂದೊಂದಾಗಿ ಬ್ರಷ್ ಹಾಕ್ಬೇಕು. ಒಂದು ಮುಗಿಸಿ ಎದ್ದು ನೋಡಿದ್ರೆ ಇನ್ನೂ ಮೂರು ಚಕ್ರ ಬಾಕಿ.

ಬಾಡಿಗೆ ಎರಡು ಬಕೆಟ್. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಒಂದೇ ಬಕೆಟ್ಟಲ್ಲಿ ಅದ್ದಿದ್ರೆ, ತೆಗೆದ ಮಣ್ಣನ್ನೇ ಮತ್ತೆ ಬಣ್ಣದ ಮೇಲೆ ಉಜ್ತೀವಿ. ಜೇಡರ ಬಲೆ ಗೀರುಗಳಲ್ಲಿ ಬಹುಪಾಲು ಹುಟ್ಟೋದೇ ಹೀಗೆ.

ಬೆಂಗಳೂರಿನವರಿಗೆ ಇನ್ನೊಂದು ತಲೆನೋವು ನೀರು. 2024ರ ಮಾರ್ಚ್‌ನಲ್ಲಿ ಬರ ಬಂದಾಗ ಕುಡಿಯೋ ನೀರಲ್ಲಿ ವಾಹನ ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು, ನೆನಪಿರಬಹುದು. ಸರಿ, ಬೋರ್‌ವೆಲ್ ನೀರು ಬಳಸೋಣ ಅಂದ್ರೆ ಅದು ಗಡಸು. ಬಿಸಿಲಲ್ಲಿ ಒಣಗಿದ್ರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿ ಚುಕ್ಕಿ ಆಗಿ ಉಳಿಯುತ್ತೆ. ಹಾಗಾಗಿ ನೆರಳಲ್ಲಿ, ಒಂದೊಂದೇ ಭಾಗ ತೊಳೆದು, ಆಗಾಗಲೇ ಒರೆಸ್ತಾ ಹೋಗ್ಬೇಕು.

ಕ್ಲೇ ಬಾರ್: ಎರಡೂವರೆ ಗಂಟೆ

ನನ್ನ ಪ್ರಕಾರ ಬೇಜಾರಿನ ಕೆಲಸಗಳ ರಾಜ ಇದೇ. ಚಪಾತಿ ಹಿಟ್ಟಿನುಂಡೆ ಥರದ ಜೇಡಿ ತುಂಡು. ಜಾರೋ ದ್ರಾವಣ ಸ್ಪ್ರೇ ಮಾಡಿ, ಅಂಗೈಯಗಲ ಜಾಗದಲ್ಲಿ ಮೆಲ್ಲಗೆ ಹಿಂದೆ ಮುಂದೆ ಎಳೀಬೇಕು. ಬಣ್ಣಕ್ಕೆ ಕಚ್ಚಿರೋ ಟಾರು, ಮರದ ಅಂಟು, ಕಬ್ಬಿಣದ ಪುಡಿ ಅದಕ್ಕೆ ಹತ್ಕೊಂಡು ಬರುತ್ತೆ. ಮಡಚಬೇಕು, ಹೊಸ ಮೈ ಮಾಡ್ಕೋಬೇಕು, ಮತ್ತೆ ಎಳೀಬೇಕು. ಇಡೀ ಕಾರಿಗೆ ಹೀಗೇ. ನಮ್ಮ ಬೀದೀಲಿ ಕಾರು ನಿಲ್ಲೋದು ಹೊಂಗೆ ಮರದ ಕೆಳಗೆ, ಹಾಗಾಗಿ ರೂಫ್ ಒಂದಕ್ಕೇ 40 ನಿಮಿಷ ಹಿಡೀತು. ಕೈ ಜಾರಿ ಉಂಡೆ ನೆಲಕ್ಕೆ ಬಿತ್ತೋ, ಅದನ್ನ ಎಸೀಬೇಕು. ಅಂಟಿದ ಒಂದು ಮರಳಿನ ಕಣ ಸಾಕು, ಬಾನೆಟ್ ಉದ್ದಕ್ಕೂ ಗೆರೆ ಎಳೆಯೋಕೆ. ನನ್ನ ಕೈಯಿಂದ ಎರಡು ಸಲ ಬಿತ್ತು.

ಈ ಕೆಲಸ ಆಗಿದೆಯಾ ಅಂತ ತಿಳಿಯೋಕೆ ಸುಲಭ ಉಪಾಯ ಇದೆ. ತೆಳು ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ, ತೊಳೆದಿರೋ ಬಾನೆಟ್ ಮೇಲೆ ಹಗುರವಾಗಿ ಸವರಿ. ಕಣ್ಣಿಗೆ ಕಾಣದ ತರಿ ಕೈಗೆ ಗೊತ್ತಾಗುತ್ತೆ.

ಟೇಪ್ ಅಂಟಿಸೋದು, ಬಿಳಿ ಕಲೆ ಕೀಳೋದು

ಪಾಲಿಶ್‌ಗೆ ಮುಂಚೆ ಕಪ್ಪು ಪ್ಲಾಸ್ಟಿಕ್ಕು, ರಬ್ಬರು, ಲೋಗೋ ಅಂಚಿಗೆಲ್ಲ ಮಾಸ್ಕಿಂಗ್ ಟೇಪ್ ಹಾಕೋಕೆ ಒಂದು ಗಂಟೆ. ಇದನ್ನ ಬಿಟ್ರೆ ಪಾಲಿಶ್ ಕಪ್ಪು ಪ್ಲಾಸ್ಟಿಕ್‌ಗೆ ಮೆತ್ಕೊಂಡು, ಒಣಗಿ, ಬೆಳ್ಳಗೆ ಕೂರುತ್ತೆ. ಟೇಪ್ ಹಾಕಿದ್ರೂ ಅಕ್ಷರಗಳ ಸಂದೀಲಿ, ಬಾಗಿಲ ಅಂಚಲ್ಲಿ ಸೇರಿದ್ದನ್ನ ಹಲ್ಲುಜ್ಜೋ ಬ್ರಷ್ಷಲ್ಲಿ ತೆಗೆಯೋಕೆ, ಎಲ್ಲಾ ಒರೆಸೋಕೆ ಇನ್ನೂ ಒಂದೂವರೆ ಗಂಟೆ.

ಒಳಗಡೆ: ಮೂರೂವರೆ ಗಂಟೆ, ಗಾಜಿಗೆ ಅರ್ಧ

ಸೀಟಿನ ಕಂಬಿ ಸಂದೀಲಿ ಏನೇನಿತ್ತು ಅಂದ್ರೆ: ಚುರುಮುರಿ, ಕಡ್ಲೆಬೀಜದ ಸಿಪ್ಪೆ, ಆಯುಧಪೂಜೆಯ ಅಕ್ಷತೆ, ಒಂದು ಹಳೇ ಐದು ರೂಪಾಯಿ. ವ್ಯಾಕ್ಯೂಮ್ ಮೂತಿ ಒಳಗೆ ಹೋಗಲ್ಲ. ಸೀಟು ಹಿಂದೆ ತಳ್ಳಿ, ಮುಂದೆ ಎಳೆದು, ಬ್ರಷ್ಷಲ್ಲಿ ಕೆದಕಬೇಕು. ಸೀಟಿನಡಿ ಹಳದಿ ಕನೆಕ್ಟರ್ ಕಂಡ್ರೆ ಮುಟ್ಟಬೇಡಿ, ಅದು ಏರ್‌ಬ್ಯಾಗ್ ವ್ಯವಸ್ಥೆದು. ಎಸಿ ವೆಂಟ್‌ನ ಒಂದೊಂದು ಪಟ್ಟಿಗೂ ಪೇಂಟಿಂಗ್ ಬ್ರಷ್ ಬೇಕು.

ಇಲ್ಲಿ ಯಾರೂ ನೋಡದ, ಆದ್ರೆ ನಿಜವಾಗಿ ಮುಖ್ಯವಾದ ಒಂದು ಜಾಗ ಇದೆ. ಬಾಗಿಲಿನ ತಳದ ಸಣ್ಣ ತೂತುಗಳು. ಕಿಟಕಿ ಅಂಚಿಂದ ಬಾಗಿಲೊಳಗೆ ಇಳಿದ ಮಳೆನೀರು ಹೊರಗೆ ಹೋಗೋದು ಅಲ್ಲಿಂದ. ಮಣ್ಣು ಕಟ್ಟಿದ್ರೆ ನೀರು ಒಳಗೇ ನಿಂತು ತಗಡು ತುಕ್ಕು ಹಿಡಿಯುತ್ತೆ. ನಮ್ಮ ಕಾರಿನ ಹಿಂದಿನ ಎಡ ಬಾಗಿಲಲ್ಲಿ ಎರಡೂ ತೂತು ಮುಚ್ಚಿದ್ವು. ಕಡ್ಡಿ ಹಾಕಿದ ತಕ್ಷಣ ಕೆಂಪು ನೀರು ಸುರೀತು. 15,000 ಕೊಟ್ಟ ದಿನ ಅಲ್ಲಿಗೆ ಯಾರ ಕಣ್ಣೂ ಹೋಗಿರಲಿಲ್ಲ.

ಹಾಗಾದ್ರೆ ಏನು ಕೇಳ್ಬೇಕು?

ತಪ್ಪು ಅಂಗಡಿಯವರದ್ದೇ ಅಂತ ನಾನೂ ತುಂಬಾ ದಿನ ಬೈಕೊಂಡಿದ್ದೆ. ಲೆಕ್ಕ ಬರೆದ ಮೇಲೆ ನಮ್ಮ ಪಾಲೂ ಕಾಣಿಸ್ತು. 7,000 ಇಳಿಸಿದಾಗ ಬಾಟಲಿಯ ಬೆಲೆಯೇನೂ ಇಳಿಯಲ್ಲ. ಕಡಿಮೆ ಆಗೋದು ಕೆಲಸದ ಹುಡುಗ ಕಾರಿನ ಪಕ್ಕ ಮಂಡಿಯೂರಿ ಕೂರೋ ಗಂಟೆಗಳು. ಅದನ್ನ ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಹಾಗಾಗಿ ಮುಂದಿನ ಸಲ ರೇಟ್ ಕೇಳೋಕೆ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಕಾರು ಎಷ್ಟು ದಿನ ಇಟ್ಕೊಳ್ತೀರಿ? ಕ್ಲೇ ಮಾಡ್ತೀರಾ? ಟೇಪ್ ಹಾಕ್ತೀರಾ? ಕೋಟಿಂಗ್ ಹಚ್ಚೋ ಮುಂಚೆ ಬಂದು ಕೈಯಿಟ್ಟು ನೋಡಬಹುದಾ? ಕೊನೆಯದಕ್ಕೆ ಬನ್ನಿ ಅನ್ನೋರು ಸಿಕ್ಕಿದ್ರೆ, ನನ್ನ ಮಾತು ಕೇಳಿ, ಚೌಕಾಸಿ ಕಮ್ಮಿ ಮಾಡಿ.

ಎರಡನೇ ಭಾನುವಾರ ಸಂಜೆ ಅಪ್ಪ ಬಂದು ಕಾರಿನ ಸುತ್ತ ಒಂದು ರೌಂಡ್ ಹಾಕಿದ್ರು. ಹೊಳಪಿನ ಬಗ್ಗೆ ಏನೂ ಹೇಳಲಿಲ್ಲ. ಬಗ್ಗಿ ಆ ಹಿಂದಿನ ಬಾಗಿಲ ತಳಕ್ಕೆ ಬೆರಳಿಟ್ಟು, "ಇಲ್ಲಿ ಒಣಗಿದ್ಯೇನೋ?" ಅಂದ್ರು. ಒಣಗಿತ್ತು.

ಮುಂದಿನ ವಾರ: ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋವಾಗ ಯಾವ ಕಾಗದ ನೋಡ್ಬೇಕು. ಅಲ್ಲಿಯವರೆಗೆ, ಬಕೆಟ್ ಎರಡಿರಲಿ.