ಕ್ಯಾಥೆಟರ್ ತುದಿಯ ಪುಟ್ಟ ಕವಾಟ

ಡಯಾಲಿಸಿಸ್ ವಾರ್ಡಿನಲ್ಲಿ ಕೆಲವರ ಎದೆಯ ಮೇಲೆ ಎರಡು ಗಿಡ್ಡ ಕೊಳವೆಗಳು ಇಳಿಬಿದ್ದಿರುತ್ತವೆ. ಒಂದಕ್ಕೆ ಕೆಂಪು ಕ್ಲಾಂಪ್, ಇನ್ನೊಂದಕ್ಕೆ ನೀಲಿ. ಕೆಂಪಿನಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಶುದ್ಧವಾಗಿ ನೀಲಿಯಿಂದ ಮರಳುತ್ತದೆ. ಕತ್ತಿನ ದೊಡ್ಡ ಅಭಿಧಮನಿಯ ಮೂಲಕ ಇಳಿಯುವ ಈ ಕ್ಯಾಥೆಟರಿನ ಒಳತುದಿ ನಿಲ್ಲುವುದು ಹೃದಯದ ಬಲಗಡೆಯ ಮೇಲ್ಕೋಣೆಯಲ್ಲಿ ಅಥವಾ ಅದರ ತೀರಾ ಸಮೀಪದಲ್ಲಿ. ಕೈಯಲ್ಲಿ ಫಿಸ್ಟುಲಾ (ಧಮನಿಗೆ ಅಭಿಧಮನಿ ಸೇರಿಸಿ ಮಾಡಿದ ದಾರಿ) ಇರುವವರಿಗೆ ಇದರ ಗೊಡವೆಯಿಲ್ಲ, ಅದೇ ಮೇಲು. ಆದರೆ ಫಿಸ್ಟುಲಾ ಬಲಿಯಲು ವಾರಗಳೇ ಬೇಕು. ಕಿಡ್ನಿ ಅಷ್ಟು ದಿನ ಕಾಯುವುದಿಲ್ಲ.

ವಾರಕ್ಕೆ ಮೂರು ಡಯಾಲಿಸಿಸ್ ಎಂದಿಟ್ಟುಕೊಳ್ಳಿ. ಹಚ್ಚುವಾಗ ಒಮ್ಮೆ, ಬಿಚ್ಚುವಾಗ ಒಮ್ಮೆ, ಅಲ್ಲಿಗೆ ಪ್ರತಿ ಕೊಳವೆಯ ಬಾಯಿ ವಾರಕ್ಕೆ 6 ಸಲ ಗಾಳಿಗೆ ತೆರೆದುಕೊಳ್ಳುತ್ತದೆ. ಚರ್ಮದ ಮೇಲೆ ತೆಪ್ಪಗೆ ಬಿದ್ದಿರುವ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾಗೆ ಅಷ್ಟು ಸಾಕು. ಒಮ್ಮೆ ಒಳಗೋಡೆಗೆ ಅಂಟಿ ಬಯೋಫಿಲ್ಮ್ ಎಂಬ ಲೋಳೆಪದರ ಕಟ್ಟಿಕೊಂಡರೆ ಆ್ಯಂಟಿಬಯಾಟಿಕ್‌ಗೂ ಸುಲಭಕ್ಕೆ ಜಗ್ಗುವುದಿಲ್ಲ. ಯಂತ್ರ ಶುರುವಾದ ಮೇಲೆ ರೋಗಿ ಗಡಗಡ ನಡುಗಿದರೆ ಅನುಭವಸ್ಥ ನರ್ಸ್ ಮೊದಲು ಅನುಮಾನಿಸುವುದು ಕ್ಯಾಥೆಟರನ್ನೇ.

ಈ ಬಾಯಿ ಪದೇ ಪದೇ ತೆರೆಯದಂತೆ ಕೊಳವೆಯ ತುದಿಗೆ ಹಾಕುವ ಪುಟ್ಟ ಕವಾಟವೇ ಸೂಜಿರಹಿತ ಕನೆಕ್ಟರ್. ಅದು ಮೊದಲು ಬಂದದ್ದು ಬೇರೆ ಕಾರಣಕ್ಕೆ. ಡ್ರಿಪ್ ಲೈನಿಗೆ ಔಷಧಿ ಚುಚ್ಚುವಾಗ ಸಿಬ್ಬಂದಿಯ ಬೆರಳಿಗೇ ಸೂಜಿ ತಾಗುವುದನ್ನು ತಪ್ಪಿಸಬೇಕಿತ್ತು. ಅಮೆರಿಕದಲ್ಲಿ 2000ದಲ್ಲಿ ಇದಕ್ಕಾಗಿ ಕಾನೂನೇ ಆಯಿತು. ಡಯಾಲಿಸಿಸ್‌ಗೆ ಅವೇ ಕನೆಕ್ಟರ್ ಸಾಲವು. ನಿಮಿಷಕ್ಕೆ 300 ಮಿಲಿಲೀಟರ್ ಆಸುಪಾಸಿನ ರಕ್ತ ಹರಿಯಬೇಕು, ಅಂಕುಡೊಂಕಿನ ಕಿರುದಾರಿಯಲ್ಲಿ ಅದು ಆಗದ ಮಾತು. ಹಾಗಾಗಿ ಡಯಾಲಿಸಿಸ್‌ಗೆಂದೇ ಮಾಡಿದ ಟೆಗೊದಂಥ ಕನೆಕ್ಟರ್‌ಗಳಲ್ಲಿ ದಾರಿ ನೇರ. ಬಾಯಿಗೆ ಸೀಳಿರುವ ಸಿಲಿಕೋನ್ ಬಿರಡೆ. ರಕ್ತದ ಲೈನಿನ ತುದಿಯನ್ನು ತಿರುಗಿಸಿ ಕೂರಿಸಿದರೆ ಬಿರಡೆ ಕುಗ್ಗಿ ಸೀಳು ತೆರೆಯುತ್ತದೆ. ಬಿಚ್ಚಿದೊಡನೆ ಮೇಲೆದ್ದು ಮುಚ್ಚಿಕೊಳ್ಳುತ್ತದೆ. ಕ್ಯಾಥೆಟರಿನ ಅಸಲಿ ಬಾಯಿ ತೆರೆಯುವುದು ವಾರಕ್ಕೊಮ್ಮೆ, ಕನೆಕ್ಟರ್ ಬದಲಿಸುವಾಗ ಮಾತ್ರ.

ಆದರೆ ಬಿರಡೆ ಸೂಕ್ಷ್ಮಜೀವಿಯನ್ನು ಕೊಲ್ಲುವುದಿಲ್ಲ. ಅದೀಗ ಸಿಲಿಕೋನಿನ ಮೇಲೆಯೇ ಕಾದು ಕೂತಿರುತ್ತದೆ, ಒರೆಸದೆ ಲೈನ್ ಒತ್ತಿದರೆ ಅದನ್ನು ನಾವೇ ಒಳಗೆ ತಳ್ಳಿದಂತೆ. ಸ್ಪಿರಿಟ್ ಸ್ವಾಬಿನಿಂದ ಮೇಲ್ಮೈ, ಅಂಚಿನ ತಿರುಪು ಎರಡನ್ನೂ ಗಟ್ಟಿಯಾಗಿ ಉಜ್ಜಬೇಕು, ಆಮೇಲೆ ತಾನಾಗಿ ಒಣಗಲು ಬಿಡಬೇಕು. ಊದಿ ಒಣಗಿಸುವಂತಿಲ್ಲ, ಉಜ್ಜಿದ ಮೇಲೆ ಬೆರಳು ತಾಗಿದರೆ ಮತ್ತೆ ಮೊದಲಿಂದ. ಮುಂದಿನ ಪಾಳಿಯ ರೋಗಿಗಳು ಹೊರಗೆ ಕಾಯುತ್ತಿರುವಾಗ ಕತ್ತರಿ ಬೀಳುವುದು ಈ ಕೆಲವು ಸೆಕೆಂಡುಗಳಿಗೇ. ನನ್ನ ಮಟ್ಟಿಗೆ, ಹೊಸ ಕನೆಕ್ಟರ್ ಕೊಳ್ಳುವ ಆಸ್ಪತ್ರೆ ಮೊದಲು ಈ ಬಿಡುವನ್ನು ಸಿಬ್ಬಂದಿಗೆ ಕೊಡಬೇಕು.

ಕನೆಕ್ಟರಿನೊಳಗೆ ರಕ್ತ ಕರೆಗಟ್ಟಿದ್ದರೆ, ಬಿರುಕು ಕಂಡರೆ, ವಾರ ತುಂಬುವ ಮುಂಚೆಯೇ ಬದಲಿಸಬೇಕು. ಸೋರೀತೆಂದು ಅತಿಯಾಗಿ ಬಿಗಿಯುವುದೂ ತಪ್ಪು, ಬಿರುಕಿಗೆ ಅದೂ ಕಾರಣ. ಬದಲಿಸುವಾಗ ಕ್ಲಾಂಪ್ ಹಾಕಿಯೇ ಇರಬೇಕು: ರೋಗಿ ಉಸಿರೆಳೆದಾಗ ಎದೆಯೊಳಗಿನ ಒತ್ತಡ ತಗ್ಗಿ, ತೆರೆದ ಕೊಳವೆಯಿಂದ ಗಾಳಿ ನೇರ ಹೃದಯಕ್ಕೆ ಹೋಗಬಹುದು.

ಮನೆಯಲ್ಲಿ ಕನೆಕ್ಟರ್ ಕಳಚಿಬಿದ್ದರೆ? ಮೊದಲು ಕ್ಲಾಂಪ್ ನೋಡಿ, ಸಡಿಲವಿದ್ದರೆ ಒತ್ತಿ ಮುಚ್ಚಿ. ಬಿದ್ದದ್ದನ್ನು ತೊಳೆದು ಮತ್ತೆ ಹಾಕಬೇಡಿ. ತಕ್ಷಣ ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡಿ ಹೊರಡಿ.