ಕೋವಿಯ ಜೀವ ಯಾವ ತುಂಡಿನಲ್ಲಿ?

ಹಾಸನದ ಕಾಲೇಜು ಮೈದಾನದಲ್ಲಿ ಎನ್‌ಸಿಸಿ ಹವಾಲ್ದಾರರು ತಾಡಪಾಲು ಹಾಸಿ, ಅದರ ಮೇಲೆ ನಾಲ್ಕು ತ್ರೀ ನಾಟ್ ತ್ರೀ ರೈಫಲ್ ಮಲಗಿಸಿ ‘ಖೋಲ್‌ನಾ-ಜೋಡ್‌ನಾ’ ಪಾಠ ಮಾಡುತ್ತಿದ್ದರು. ಬಿಚ್ಚುವುದು, ಮತ್ತೆ ಜೋಡಿಸುವುದು, ಅಷ್ಟೇ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬೆಳಗಿನ ಬಸ್ಸಿಗೇ ಬರುತ್ತಿದ್ದ ನಮ್ಮಂಥ ಹುಡುಗರಿಗೆ ಪರೇಡಿಗಿಂತ ಅದು ಮುಗಿದ ಮೇಲೆ ಕೊಡುವ ತಿಂಡಿಯ ಮೇಲೇ ಕಣ್ಣು. ಆದರೆ ಈ ಪಾಠವನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಒಮ್ಮೆ ನಾನು ಅವಸರದಲ್ಲಿ ಪಕ್ಕದವನ ರೈಫಲ್‌ನ ಬೋಲ್ಟನ್ನು ನನ್ನದಕ್ಕೆ ತೂರಿಸಿದೆ. ಸಲೀಸಾಗಿ ಒಳಗೆ ಹೋಯಿತು. ‘ನಂಬರ್ ದೇಖೋ!’ ಎಂದು ಹವಾಲ್ದಾರರು ಗದರಿದರು. ನೋಡಿದರೆ ಬೋಲ್ಟಿನ ಹಿಡಿಯ ಹಿಂಬದಿಯಲ್ಲಿ ಒಂದು ಸಂಖ್ಯೆ, ರೈಫಲ್‌ನ ಮೈಮೇಲೆ ಇನ್ನೊಂದು ಸಂಖ್ಯೆ.

ಆ ರೈಫಲ್‌ಗಳಿಗೆ ಬಿಳಿ ಪಟ್ಟಿ ಬಳಿದು ‘ಡಿಪಿ’ ಎಂದು ಬರೆದಿತ್ತು. ಡ್ರಿಲ್ ಪರ್ಪಸ್, ಅಂದರೆ ಕವಾಯತಿಗೆ ಮಾತ್ರ. ನಳಿಗೆಗೆ ತೂತು ಕೊರೆದು, ಒಳಗಿನ ಫೈರಿಂಗ್ ಪಿನ್ ತೆಗೆದಿದ್ದರು. ನಾಲ್ಕು ಕಿಲೋ ತೂಕ ಹಾಗೇ ಇತ್ತು, ಹೆಗಲು ನೋವೂ ಹಾಗೇ ಬರುತ್ತಿತ್ತು. ಸಿಡಿಯುವ ಗುಣ ಮಾತ್ರ ಇರಲಿಲ್ಲ. ಸಿಡಿಯದಿದ್ದ ಮೇಲೆ ಬೋಲ್ಟ್ ಯಾರದಾದರೇನು ಎಂಬ ನನ್ನ ವಾದವನ್ನು ಹವಾಲ್ದಾರರು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರ ಸಿಟ್ಟಿನ ಹಿಂದೆ ಒಂದು ಒಳ್ಳೆಯ ಎಂಜಿನಿಯರಿಂಗ್ ಕಾರಣವಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ರೈಫಲ್ ಎಂದರೆ ಒಂದೇ ಹೊಡೆತದ ಎಂಜಿನ್. ನಳಿಗೆಯೇ ಸಿಲಿಂಡರ್, ಗುಂಡೇ ಪಿಸ್ಟನ್. ಜೀಪಿನ ಪಿಸ್ಟನ್ ಮೇಲೆ ಹೋಗಿ ಕೆಳಗೆ ಬರುತ್ತದೆ, ಈ ಪಿಸ್ಟನ್ ಹೋದದ್ದು ಹೋಯಿತು. ತೋಟಾದೊಳಗಿನ ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡ ಕಾರಿನ ಟೈರಿನೊಳಗಿನ ಗಾಳಿಯ ಒತ್ತಡದ ಒಂದೂವರೆ ಸಾವಿರ ಪಟ್ಟಿಗೂ ಹೆಚ್ಚು. ತ್ರೀ ನಾಟ್ ತ್ರೀಯ ನಳಿಗೆಯ ಒಳಗೋಡೆಯಲ್ಲಿ ಐದು ತೋಡುಗಳು ಬಳ್ಳಿ ಹಬ್ಬಿದಂತೆ ಎಡಕ್ಕೆ ಸುತ್ತುತ್ತ ಹೋಗಿವೆ, ಹತ್ತು ಅಂಗುಲಕ್ಕೆ ಒಂದು ಸುತ್ತು. ಹನ್ನೊಂದು ಗ್ರಾಂ ಚಿಲ್ಲರೆ ತೂಕದ ಗುಂಡು ಅದರೊಳಗೆ ಎರಡೂವರೆ ಸುತ್ತು ತಿರುಗಿ, ಸೆಕೆಂಡಿಗೆ ಸುಮಾರು 740 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಲೆಕ್ಕ ಹಾಕಿ ನೋಡಿ: ಆ ಹೊತ್ತಿಗೆ ಅದು ಸೆಕೆಂಡಿಗೆ 2900 ಸುತ್ತಿನಷ್ಟು ತಿರುಗುತ್ತಿರುತ್ತದೆ. ಬುಗುರಿ ತಿರುಗುವಷ್ಟು ಹೊತ್ತೂ ನೆಟ್ಟಗೆ ನಿಲ್ಲುವಂತೆ ಗುಂಡೂ ಮೂತಿ ಮುಂದಿಟ್ಟುಕೊಂಡೇ ಹೋಗುತ್ತದೆ. ಚರೆ ತುಂಬಿ ಹೊಡೆಯುವ ನಮ್ಮ ಕಡೆಯ ತೋಟಾ ಕೋವಿಗಳಿಗೆ ಈ ತೋಡು ಇರುವುದಿಲ್ಲ, ಅವುಗಳ ನಳಿಗೆಯ ಒಳಮೈ ನುಣುಪು.

ಗುಂಡು ಮುಂದೆ ಹೋಗುವಾಗ ಅದೇ ಒತ್ತಡ ಹಿಂದಕ್ಕೂ ತಳ್ಳುತ್ತದೆಯಲ್ಲ, ಅದನ್ನು ತಡೆಯುವುದೇ ಬೋಲ್ಟ್. ಬಚ್ಚಲುಮನೆ ಬಾಗಿಲಿನ ಚಿಲಕ ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ: ಹಿಡಿ ಎತ್ತು, ಹಿಂದಕ್ಕೆಳೆ, ಮುಂದಕ್ಕೆ ತಳ್ಳು, ಮಡಚು. ಮಡಚಿದಾಗ ಬೋಲ್ಟಿನ ಕಿವಿಗಳು ಉಕ್ಕಿನ ಗೂಡಿನೊಳಗೆ ಸಿಕ್ಕಿಕೊಂಡು ಬಾಗಿಲು ಭದ್ರವಾಗುತ್ತದೆ. ಜರ್ಮನಿಯ ಮೌಸರ್ ರೈಫಲ್‌ನಲ್ಲಿ ಈ ಕಿವಿಗಳು ಬೋಲ್ಟಿನ ಮುಂತುದಿಯಲ್ಲಿವೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕ ಸೇರಿದ ಜೇಮ್ಸ್ ಪ್ಯಾರಿಸ್ ಲೀ ತನ್ನ ವಿನ್ಯಾಸದಲ್ಲಿ ಅವನ್ನು ಹಿಂದಕ್ಕಿಟ್ಟ. ಇದರಿಂದ ಬೋಲ್ಟ್ ಓಡಾಡಬೇಕಾದ ದೂರ ಕಡಿಮೆಯಾಗಿ, ಬಹಳ ಬೇಗ ಹೊಡೆಯಲು ಬಂತು. ಲೀಯ ಬೋಲ್ಟು, ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯ ತೋಡು ಸೇರಿ 1895ರಲ್ಲಿ ಲೀ-ಎನ್‌ಫೀಲ್ಡ್, ಅಂದರೆ ನಮ್ಮ ತ್ರೀ ನಾಟ್ ತ್ರೀ, ಆಯಿತು. ಬಂಗಾಳದ ಇಷಾಪುರದಲ್ಲಿ 1904ರಲ್ಲಿ ಶುರುವಾದ ಕಾರ್ಖಾನೆ ಇದನ್ನೇ ದಶಕಗಳ ಕಾಲ ಮಾಡಿತು. 1962ರ ಚೀನಾ ಯುದ್ಧದ ನಂತರ 7.62 ಮಿಲಿಮೀಟರ್ ತೋಟಾಕ್ಕೆ ಹೊಂದುವಂತೆ ಇದೇ ವಿನ್ಯಾಸವನ್ನು ತಿದ್ದಿಕೊಂಡಿತು.

ಈಗ ಹವಾಲ್ದಾರರ ಸಿಟ್ಟಿಗೆ ಬರೋಣ. ಮುಚ್ಚಿದ ಬೋಲ್ಟಿನ ಮುಖಕ್ಕೂ ತೋಟಾದ ಅಂಚು ಕೂರುವ ಜಾಗಕ್ಕೂ ನಡುವೆ ಇಂತಿಷ್ಟೇ ಎಡೆ ಇರಬೇಕು. ತೀರಾ ಬಿಗಿಯಾದರೆ ಬೋಲ್ಟ್ ಮುಚ್ಚುವುದೇ ಇಲ್ಲ. ಸಡಿಲವಾದರೆ ಹಿತ್ತಾಳೆಯ ತೋಟಾ ಹಿಂದಕ್ಕೆ ಎಳೆದುಕೊಂಡು ಹರಿಯಬಹುದು, ಆ ಬಿಸಿ ಅನಿಲ ಹೊಡೆಯುವವನ ಮುಖಕ್ಕೇ ನುಗ್ಗಬಹುದು. ಬಿಗಿಗೂ ಸಡಿಲಕ್ಕೂ ಒಪ್ಪಿತವಾದ ಅಂತರ ಒಂದು ಅಂಗುಲದ ಸಾವಿರದಲ್ಲಿ ಹತ್ತು ಪಾಲು, ಅಂದರೆ ಕಾಲು ಮಿಲಿಮೀಟರ್. ಮದುವೆಯ ಕರೆಯೋಲೆಯ ದಪ್ಪ ಎನ್ನಿ. ಎರಡನೇ ಮಹಾಯುದ್ಧದ ಕಾಲದ ನಂಬರ್ 4 ಮಾದರಿಗೆ ಈ ಒಂದು ಕಾರಣಕ್ಕಾಗಿಯೇ ಬೋಲ್ಟಿನ ತಲೆಯನ್ನು ಸೊನ್ನೆಯಿಂದ ಮೂರರವರೆಗೆ ನಾಲ್ಕು ಅಳತೆಗಳಲ್ಲಿ ಮಾಡಿದ್ದರು. ಲಕ್ಷಗಟ್ಟಲೆ ತಯಾರಾದ ಯಂತ್ರವಾದರೂ ಪ್ರತಿ ರೈಫಲ್‌ಗೂ ಅದರದೇ ಬೋಲ್ಟ್ ಹೊಂದಿಸಿ ನಂಬರ್ ಒತ್ತುತ್ತಿದ್ದರು. ಮಿಕ್ಕ ಭಾಗಗಳಲ್ಲಿ ಬಹುಪಾಲನ್ನು ಒಂದರದು ಇನ್ನೊಂದಕ್ಕೆ ಹಾಕಬಹುದು, ಈ ಜೋಡಿಯನ್ನು ಮಾತ್ರ ಅಗಲಿಸಬಾರದು.

‘ಒಂದರದು ಇನ್ನೊಂದಕ್ಕೆ’ ಎಂಬುದೇ ಒಂದು ಕಾಲಕ್ಕೆ ಬೆರಗಿನ ಸಂಗತಿಯಾಗಿತ್ತು. ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ಹುಲಿಮುಖದ ಸೊಗಸಾದ ಬಂದೂಕುಗಳನ್ನು ಮಾಡುತ್ತಿದ್ದರು. ಎಲ್ಲ ಅರದಿಂದ ಉಜ್ಜಿ ಕೂರಿಸಿದ ಕೈಕೆಲಸ. ಒಂದರ ತಿರುಪು ಇನ್ನೊಂದಕ್ಕೆ ಹಿಡಿಯುತ್ತದೆಂಬ ಭರವಸೆ ಆ ಕಾಲದಲ್ಲಿ ಯಾವ ದೇಶದ ಬಂದೂಕಿನಲ್ಲೂ ಇರಲಿಲ್ಲ. ಆದರೆ ಅದೇ ಕಾಲಕ್ಕೆ, 1785ರಲ್ಲಿ, ಪ್ಯಾರಿಸ್ಸಿನಲ್ಲಿ ಒನೊರೆ ಬ್ಲಾಂ ಎಂಬ ಕುಶಲಿ ಐವತ್ತು ಬಂದೂಕುಗಳ ಕುದುರೆ ಯಂತ್ರವನ್ನು ಬಿಚ್ಚಿಹಾಕಿದ್ದ. ಅಮೆರಿಕದ ರಾಯಭಾರಿ ಥಾಮಸ್ ಜೆಫರ್ಸನ್ ಆ ರಾಶಿಯಿಂದ ಕೈಗೆ ಸಿಕ್ಕ ತುಂಡುಗಳನ್ನೇ ತೆಗೆದು ಕೆಲವನ್ನು ತಾನೇ ಜೋಡಿಸಿ ನೋಡಿದ. ಕೂತವು. ಇವತ್ತು ನಾವು ಬೈಕಿನ ಸ್ಪೇರ್ ಪಾರ್ಟ್ಸನ್ನು ಅಂಗಡಿಯಿಂದ ತಂದು ಮೆಕ್ಯಾನಿಕ್ ಕೈಗೆ ಕೊಡುವಾಗ ಅದು ಕೂತೇ ಕೂರುತ್ತದೆ ಎಂದು ನಂಬುತ್ತೇವಲ್ಲ, ಆ ನಂಬಿಕೆ ಬೆಳೆದದ್ದು ಬಹುಪಾಲು ಬಂದೂಕಿನ ಕಾರ್ಖಾನೆಗಳಲ್ಲೇ.

ಜೆಫರ್ಸನ್‌ನ ದೇಶದವರು ಹೀಗೆ ಬಿಡಿ ತುಂಡುಗಳಿಂದ ಕೋವಿ ಜೋಡಿಸುವುದನ್ನು ಈಗ ಹವ್ಯಾಸ ಮಾಡಿಕೊಂಡಿದ್ದಾರೆ. ಬೇರೆ ದೇಶಗಳ ಸೈನ್ಯ ಕೈಬಿಟ್ಟ ರೈಫಲ್‌ಗಳು, ಮುಖ್ಯವಾಗಿ ಶೀತಲ ಸಮರ ಮುಗಿದ ಮೇಲೆ ಪೂರ್ವ ಯುರೋಪಿನ ಉಗ್ರಾಣಗಳಲ್ಲಿ ಉಳಿದವು, ತುಂಡಾಗಿ ಅಮೆರಿಕಕ್ಕೆ ಬರುತ್ತವೆ. ಬೋಲ್ಟ್ ಓಡಾಡುವ ಆ ಉಕ್ಕಿನ ಗೂಡನ್ನು, ರಿಸೀವರನ್ನು, ಮೊದಲೇ ಕತ್ತರಿಸಿ ಹಾಳು ಮಾಡಿರುತ್ತಾರೆ. ಮಿಕ್ಕದ್ದು ಒಂದು ಪೆಟ್ಟಿಗೆಯಲ್ಲಿ: ಇದೇ ಪಾರ್ಟ್ಸ್ ಕಿಟ್. ಕೊಂಡವರು ಅಲ್ಲಿನ ಕಾನೂನಿನಂತೆ ಹೊಸ ರಿಸೀವರ್ ಸಂಪಾದಿಸಿ, ವಾರಾಂತ್ಯಗಳಲ್ಲಿ ಶೆಡ್ಡಿನಲ್ಲಿ ಕೂತು ಜೋಡಿಸುತ್ತಾರೆ. ಕೆಲವು ಬಗೆಯ ರೈಫಲ್‌ಗಳಿಗೆ, ಪಟ್ಟಿಯಲ್ಲಿರುವ ಇಪ್ಪತ್ತು ಭಾಗಗಳಲ್ಲಿ ಹತ್ತಕ್ಕಿಂತ ಹೆಚ್ಚು ವಿದೇಶಿ ಇರಬಾರದು ಎಂಬ ವಿಚಿತ್ರ ಲೆಕ್ಕವೂ ಉಂಟು. 2005ರಿಂದ ಕಿಟ್ಟಿನ ಜೊತೆ ನಳಿಗೆ ತರಿಸುವುದನ್ನೂ ನಿಲ್ಲಿಸಿದರು. ನಮ್ಮ ಇಷಾಪುರದ ರೈಫಲ್‌ಗಳೂ ಹಳೆಯ ಸರಕಾಗಿ ಅಲ್ಲಿಗೆ ಹೋಗಿ, ಸಂಗ್ರಾಹಕರ ಗೋಡೆ ಏರಿವೆ. ಅವನ್ನು ಬಿಚ್ಚದೆ ಇಡಿಯಾಗಿಯೇ ಮಾರಿದ್ದು.

ಅಮೆರಿಕದ ಕಾನೂನಿನ ಕಣ್ಣಿಗೆ ಆ ಗೂಡೊಂದೇ ಕೋವಿ. ನಳಿಗೆ, ಬೋಲ್ಟ್, ಮರದ ಹಿಡಿ ಎಲ್ಲ ಬರೀ ಸಾಮಾನು. ಹಳೆಯ ಬೌದ್ಧ ಕತೆಯಲ್ಲಿ ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ಕೇಳಿದ್ದು ಇದೇ ಪ್ರಶ್ನೆ: ಅಚ್ಚು ರಥವೇ, ಚಕ್ರ ರಥವೇ, ನೊಗ ರಥವೇ? ಯಾವ ಒಂದು ತುಂಡೂ ರಥವಲ್ಲ ಎಂಬ ಭಿಕ್ಷುವಿನ ಉತ್ತರ ಕಾನೂನು ಬರೆಯುವವರಿಗೆ ಒದಗುವಂಥದ್ದಲ್ಲ, ಅವರಿಗೆ ನಂಬರ್ ಒತ್ತಲು ಒಂದು ತುಂಡು ಬೇಕು. ಹಾಸನದ ಗ್ಯಾರೇಜಿನವರಿಗೂ ಇದು ಗೊತ್ತು. ಹಳೇ ಜೀಪಿಗೆ ಎಂಜಿನ್ ಬದಲಾಯಿಸಿ, ಬಾಡಿ ಬದಲಾಯಿಸಿ, ಗೇರ್‌ಬಾಕ್ಸ್ ಇನ್ನೆಲ್ಲಿಂದಲೋ ತಂದರೂ ಚಾಸಿಸ್ ನಂಬರ್ ಇರುವವರೆಗೆ ಅದು ಅದೇ ಜೀಪು.

ನಮ್ಮ ದೇಶದ ಕಾನೂನು ಹೀಗೆ ಒಂದು ತುಂಡಿಗೆ ಜೀವ ಕಟ್ಟಿಲ್ಲ. 1959ರ ಆಯುಧ ಕಾಯ್ದೆಯಲ್ಲಿ ಆಯುಧದ ಬಿಡಿಭಾಗಗಳೂ ಆಯುಧವೇ, ಅದನ್ನು ಮಾಡುವ ಯಂತ್ರವೂ ಆಯುಧವೇ. ಪರವಾನಗಿ ಇಲ್ಲದೆ ಕೋವಿ ತಯಾರಿಸಿದರೆ, 2019ರ ತಿದ್ದುಪಡಿಯಂತೆ, ಕನಿಷ್ಠ ಏಳು ವರ್ಷ ಜೈಲು, ಜೀವಾವಧಿಯೂ ಆಗಬಹುದು. ಹಾಗಾಗಿ ಈ ಹವ್ಯಾಸ ಇಲ್ಲಿ ಹುಟ್ಟುವಂತೆಯೇ ಇಲ್ಲ. ಹುಟ್ಟದಿರುವುದೇ ಸರಿ ಎಂದು ಜೋಡಿಸುವ ಚಪಲವಿರುವ ನಾನೂ ಒಪ್ಪುತ್ತೇನೆ, ಆ ಕಾಲು ಮಿಲಿಮೀಟರ್ ಒಂದನ್ನು ನೆನೆದರೂ ಸಾಕು. ಸೈನ್ಯದ .303 ಸಾಮಾನ್ಯರಿಗೆ ಸಿಗುವುದಿಲ್ಲ. ಲೈಸೆನ್ಸ್ ಇದ್ದವರಿಗೆ ಸರ್ಕಾರಿ ಕಾರ್ಖಾನೆ ಮಾರುವ .315 ರೈಫಲ್‌ನ ಒಳಗಿರುವುದು ಮಾತ್ರ ಲೀಯ ಅದೇ ಚಿಲಕ. ಅರಕಲಗೂಡು ದಾಟಿ ಕೊಡಗಿಗೆ ಕಾಲಿಟ್ಟರೆ ಲೆಕ್ಕವೇ ಬೇರೆ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ. 1861ರಿಂದ ಬಂದದ್ದನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಕೈಲ್‌ಪೋಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ.

ನಮ್ಮ ದೊಡ್ಡಪ್ಪನದು ಬೆಳೆ ಕಾಯಲು ಲೈಸೆನ್ಸ್ ಪಡೆದ ಜೋಡಿ ನಳಿಗೆ ಕೋವಿ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಬೇಕು. ಒಂದು ಸಲ ಅವರು ನಳಿಗೆಯನ್ನಷ್ಟೇ ಕಳಚಿ ಗೋಣಿಯಲ್ಲಿ ಸುತ್ತಿಕೊಂಡು ಹೋಗಿದ್ದರು. ‘ಇದಿಲ್ದೆ ಹೆಂಗೂ ಹೊಡ್ಯಕಾಗಲ್ಲ ಸ್ವಾಮಿ, ಹಿಡಿ ಮನೇಲೇ ಇರ್ಲಿ, ಇಲ್ಲಿ ಗೆದ್ಲು ಹತ್ತುತ್ತೆ’ ಎಂದರು. ‘ತುಂಡೂ ಕೋವಿನೇ ಗೌಡ್ರೇ, ಹೋಗಿ ಅದನ್ನೂ ತನ್ನಿ’ ಎಂದು ಪೇದೆ ನಕ್ಕರಂತೆ. ಮತ ಎಣಿಕೆ ಮುಗಿದ ಮೇಲೆ ಎರಡನ್ನೂ ವಾಪಸು ತಂದು, ಜಗಲಿಯಲ್ಲಿ ಕೂತು, ನಳಿಗೆಯನ್ನು ಕೊಕ್ಕೆಗೆ ಸಿಗಿಸಿ ಟಕ್ಕೆಂದು ಮುಚ್ಚಿದರು. ಆಮೇಲೆ ಬೆಳಕಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ, ನಳಿಗೆಯೂ ಗೂಡೂ ಸೇರುವ ಜಾಗವನ್ನೇ ಬಹಳ ಹೊತ್ತು ನೋಡಿದರು. ಅಲ್ಲಿ ಬೆಳಕು ತೂರುತ್ತಿರಲಿಲ್ಲ. ಗೂಟಕ್ಕೆ ನೇತುಹಾಕಿ ಕೈ ತೊಳೆಯಲು ಎದ್ದರು.